ಹೆಣ್ಣುಮಕ್ಕಳಿಗೆ: ಇದೆ / ಇಲ್ಲ

ಜೂನ್ 3, ಸೋಮವಾರ

ಯಾರ ಊರಿನ ಹೆಸರು ಮೊದಲು ಬರಬೇಕು? ಇವತ್ತಿನ ಸಭೆ ಪೂರ್ತಿ ಇಷ್ಟರಲ್ಲೇ ಮುಗಿಯಿತು.

ಕಡೂರು, ತರೀಕೆರೆ, ಅಜ್ಜಂಪುರ ಮೂರೂ ತಾಲ್ಲೂಕಿನ ವರ್ಕ್‌ಶಾಪು, ಗ್ಯಾರೇಜಿನವರು ಸೇರಿ ಕಸುಬು ಕಲಿಕೆ ಸಮಿತಿ ಎಂದು ಒಂದು ಮಾಡಿಕೊಂಡಿದ್ದಾರೆ. ಐಟಿಐಗಳಲ್ಲಿ ಯಾವ ಯಾವ ಟ್ರೇಡ್ ಇದೆ, ಪಾಸಾದ ಮೇಲೆ ಅಪ್ರೆಂಟಿಸ್ ಆಗಿ ಎಲ್ಲಿ ಸೇರಬಹುದು ಎಂಬುದನ್ನೆಲ್ಲ ತಿಳಿಸುವ ಒಂದು ವೆಬ್‌ಸೈಟ್ ಬೇಕಂತೆ. ಮದುವೆ ಕಾರ್ಡು, ಹುಟ್ಟುಹಬ್ಬದ ಫ್ಲೆಕ್ಸು ಮಾಡಿ ಮಾಡಿ ಬೇಸತ್ತಿದ್ದ ನನಗೆ ಈ ಕೆಲಸ ಸಿಕ್ಕಾಗ ಹಿಗ್ಗಾಗಿತ್ತು. ಆ ಹಿಗ್ಗು ಇವತ್ತು ಮಧ್ಯಾಹ್ನದ ಹೊತ್ತಿಗೆ ಇಳಿಯಿತು.

ಅಧ್ಯಕ್ಷರು ನಮ್ಮ ಕಡೂರಿನ ಮಲ್ಲಿಕಾರ್ಜುನಪ್ಪ. ಅವರದ್ದು ದೊಡ್ಡ ಮೋಟಾರ್ ರೀವೈಂಡಿಂಗ್ ಶಾಪು. ಕಾರ್ಯದರ್ಶಿ ತರೀಕೆರೆಯ ವಿಶ್ವಾರಾಧ್ಯ ಅವರು, ನಿವೃತ್ತ ಪ್ರಾಂಶುಪಾಲರು. ಅಜ್ಜಂಪುರದ ಕಡೆಯಿಂದ ಈರಭದ್ರಪ್ಪ, ಪಂಪ್‌ಸೆಟ್ಟು, ಸ್ಟಾರ್ಟರು ರಿಪೇರಿ ಅಂಗಡಿಯವರು.

"ಕಡೂರು ಅಂದ್ರೆ ಯಾರಿಗ್ ಗೊತ್ತಿಲ್ಲ? ಕಡೂರ್ ಮೊದ್ಲು ಹಾಕಮ್ಮ" ಅಂದರು ಮಲ್ಲಿಕಾರ್ಜುನಪ್ಪ.

"ಉಪವಿಭಾಗದ ಕೇಂದ್ರ ಇರೋದು ತರೀಕೆರೇಲಿ" ಎಂದು ವಿಶ್ವಾರಾಧ್ಯ ಅವರು ಕನ್ನಡಕ ತೆಗೆದಿಟ್ಟರು.

"ನಾವು ತಾಲ್ಲೂಕಾಗಿ ಇನ್ನೂ ಕಣ್ಣು ಬಿಟ್ಟಿಲ್ಲ, ಆಗ್ಲೇ ತುಳಿಯಾಕ್ ಬಂದ್ರಾ?" ಎಂದು ಈರಭದ್ರಪ್ಪ ಎದ್ದು ನಿಂತರು.

ಅಕಾರಾದಿಯಲ್ಲಿ ಹಾಕೋಣ ಎಂದೆ. ಈರಭದ್ರಪ್ಪನವರ ಮುಖ ಅರಳಿತು. ಉಳಿದಿಬ್ಬರು ನಾನು ಅಜ್ಜಂಪುರದ ಮನೆಮಗಳೇನೋ ಎಂಬಂತೆ ನೋಡಿದರು.

ಬರಹ ಅವರದ್ದು, ವಿನ್ಯಾಸ ನನ್ನದು. ಇಷ್ಟನ್ನು ಮಾತ್ರ ಬಿಡಿಸಿ ಹೇಳಿ ಬಂದಿದ್ದೇನೆ. ಅವರ ಜಗಳಕ್ಕೆ ನಾನು ತಲೆ ಕೊಡುವುದಿಲ್ಲ.

ಜೂನ್ 6, ಗುರುವಾರ

ವಿಶ್ವಾರಾಧ್ಯ ಅವರು ಬರಹ ಕಳಿಸಿದ್ದಾರೆ. ವೆಲ್ಡರ್ ಅಲ್ಲ, 'ಬೆಸುಗೆಗಾರ'. ಫಿಟ್ಟರ್ ಅಲ್ಲ, 'ಜೋಡಣೆಗಾರ'. ಟರ್ನರ್‌ಗೆ 'ತಿರುಗಣಿಗ'. ಎಲೆಕ್ಟ್ರಿಷಿಯನ್‌ಗೆ 'ವಿದ್ಯುತ್ಕರ್ಮಿ'. ಅಪ್ರೆಂಟಿಸ್‌ಗೆ ಇನ್ನೂ ಪದ ಸಿಕ್ಕಿಲ್ಲವಂತೆ, ಅಲ್ಲೆಲ್ಲ ಚುಕ್ಕಿ ಇಟ್ಟಿದ್ದಾರೆ. ಅಪ್ರೆಂಟಿಸ್‌ಗಾಗಿಯೇ ಮಾಡುತ್ತಿರುವ ವೆಬ್‌ಸೈಟಿನ ತುಂಬ ಬರೀ ಚುಕ್ಕಿ.

ಫೋನ್ ಮಾಡಿ, "ಸಾರ್, ಯಾವ ಹುಡುಗನೂ ಮೊಬೈಲಲ್ಲಿ ತಿರುಗಣಿಗ ಅಂತ ಹುಡುಕಲ್ಲ" ಎಂದೆ.

"ನಾವು ಬರೆದ್ರೆ ತಾನೇ ಅಮ್ಮಾ, ಅವರು ಹುಡುಕೋದು?"

ಕಲ್ಲೇಶ್‌ಗೆ ಓದಿ ಹೇಳಿದೆ. "ಹಂಗಾದ್ರೆ ನಾನೇನು, ಬೀಜಗೊಬ್ಬರಿಗನಾ?" ಎಂದು ನಕ್ಕು ನನ್ನ ಗಂಡ ತಮ್ಮ ಬೀಜ, ಗೊಬ್ಬರದ ಅಂಗಡಿಗೆ ಹೋದರು. ಅವರಿಗೇನು, ನಗುತ್ತಾರೆ. 'ವಿದ್ಯುತ್ಕರ್ಮಿ'ಯ ಒತ್ತು ಕೆಳಗಿನ ಸಾಲಿಗೆ ಜಾರಿ ಬೀಳುತ್ತಿರುವುದು ನನ್ನ ಪರದೆಯ ಮೇಲೆ.

ಜೂನ್ 11, ಮಂಗಳವಾರ

ಮುಖಪುಟದಲ್ಲಿ ತಾನಾಗಿ ಸರಿಯುವ ಚಿತ್ರಗಳು ಬೇಕಂತೆ. ಬೇಡ, ಹಳ್ಳಿಯ ನೆಟ್‌ವರ್ಕಿನಲ್ಲಿ ಅವು ತೆರೆದುಕೊಳ್ಳುವುದೇ ಇಲ್ಲ ಎಂದು ಎಷ್ಟು ಹೇಳಿದರೂ ಮಲ್ಲಿಕಾರ್ಜುನಪ್ಪನವರ ಕಿವಿಗೆ ಇಳಿಯಲಿಲ್ಲ. ಮೊದಲ ಚಿತ್ರ ಅವರದ್ದೇ, ಶಾಲು ಹೊದ್ದದ್ದು. ಎರಡನೆಯದು ಇಂಟರ್‌ನೆಟ್ಟಿನಿಂದ ಅವರೇ ಆರಿಸಿದ ಹುಡುಗಿ. ಹಳದಿ ಹೆಲ್ಮೆಟ್ಟು, ಲಿಪ್‌ಸ್ಟಿಕ್ಕು, ಕೈಯಲ್ಲಿ ತಲೆಕೆಳಗಾಗಿ ಹಿಡಿದ ಡ್ರಿಲ್ಲಿಂಗ್ ಮಷೀನು. ಕೆಳಗೆ ದೊಡ್ಡ ಅಕ್ಷರದಲ್ಲಿ 'ಹೆಣ್ಣುಮಕ್ಕಳಿಗೂ ಸಮಾನ ಅವಕಾಶ' ಎಂದು ಬರಬೇಕಂತೆ.

ಹುಡುಗಿಯನ್ನು ಏನೂ ಮಾಡಲಾಗಲಿಲ್ಲ. ಅಕ್ಷರಕ್ಕೆ ಮಾತ್ರ ಒಳ್ಳೆಯ ಜಾಗ ಬಿಟ್ಟು, ಕಡು ನೀಲಿಯಲ್ಲಿ ಕೂರಿಸಿದೆ. ಇಡೀ ಪುಟದಲ್ಲಿ ನನಗೆ ಸಮಾಧಾನ ಕೊಟ್ಟ ಒಂದೇ ಸಾಲು.

ಜೂನ್ 13, ಗುರುವಾರ

ವಿಶ್ವಾರಾಧ್ಯ ಅವರು ಕರಡು ಲಿಂಕನ್ನು 'ಸಲಹೆಗಾಗಿ' ಎಂದು ಕಂಡ ಕಂಡ ವಾಟ್ಸಾಪ್ ಗುಂಪಿಗೆಲ್ಲ ಕಳಿಸಿಬಿಟ್ಟಿದ್ದಾರೆ. ಯಾರ ನಂಬರ್ ಹಾಕಬೇಕೆಂದು ಸಮಿತಿ ತೀರ್ಮಾನಿಸಿರಲಿಲ್ಲ, ಹಾಗಾಗಿ ಸದ್ಯಕ್ಕೆ ಇರಲಿ ಎಂದು ನನ್ನದನ್ನೇ ಹಾಕಿದ್ದೆ. ಬೆಳಗಿನಿಂದ ಫೋನು ಬಿಸಿಯಾಗಿದೆ. ಒಬ್ಬರಿಗೆ ಟ್ರ್ಯಾಕ್ಟರ್ ಟ್ರೇಲರಿಗೆ ವೆಲ್ಡಿಂಗ್ ಆಗಬೇಕಂತೆ. ಇನ್ನೊಬ್ಬರು ಮಗನಿಗೆ ಕೆಇಬಿಯಲ್ಲಿ ಕೆಲಸ ಕೊಡಿಸಿ ಎಂದರು. ನಾಳೆ ಮೊದಲು ಆ ನಂಬರ್ ತೆಗೆಯಬೇಕು.

ಜೂನ್ 15, ಶನಿವಾರ

ನಂಬರ್ ತೆಗೆಯುವುದು ಮರೆತಿದ್ದೆ. ಅದರ ಫಲ ಇವತ್ತು ಮಿಸ್ಡ್ ಕಾಲ್ ಮೇಲೆ ಮಿಸ್ಡ್ ಕಾಲ್. ತಿರುಗಿ ಮಾಡಿದರೆ ಆ ಕಡೆ ಸದ್ದೇ ಇಲ್ಲ. ಇನ್ನೇನು ಇಡಬೇಕು ಅನ್ನುವಷ್ಟರಲ್ಲಿ ಒಂದು ಹುಡುಗಿಯ ದನಿ.

"ಮೇಡಂ, ಹೆಣ್ಮಕ್ಳಿಗೂ ಸಮಾನ ಅವಕಾಶ ಅಂತ ಬರ್ದಿದೀರಲ್ಲ. ಎಲ್ಲಿ?"

"ಎಲ್ಲಿ ಅಂದ್ರೆ?"

"ಯಾವ್ ಅಂಗ್ಡೀಲಿ?"

ಹೆಸರು ಭೂಮಿಕಾ. ಚೌಳಹಿರಿಯೂರಿನ ಹತ್ತಿರದ ಹಳ್ಳಿ. ಎಲೆಕ್ಟ್ರಿಷಿಯನ್ ಟ್ರೇಡಿನಲ್ಲಿ ಹೋದ ವರ್ಷ ಐಟಿಐ ಪಾಸಾಗಿದ್ದಾಳೆ. ಜೊತೆಯಲ್ಲಿ ಕಲಿತ ಹುಡುಗರೆಲ್ಲ ಎಲ್ಲೆಲ್ಲೋ ಸೇರಿಕೊಂಡಿದ್ದಾರೆ. ಇವಳು ಮನೆಯಲ್ಲಿದ್ದಾಳೆ. ಬೆಂಗಳೂರಿಗೆ ಕಳಿಸಲು ಮನೆಯಲ್ಲಿ ಒಪ್ಪುವುದಿಲ್ಲ, ಇಲ್ಲಿ ಯಾರೂ ಸೇರಿಸಿಕೊಳ್ಳುವುದಿಲ್ಲ.

ಅದೆಲ್ಲ ಸಮಿತಿಯವರನ್ನು ಕೇಳಬೇಕಮ್ಮ, ನಾನು ಬರೀ ಡಿಸೈನ್ ಮಾಡುವವಳು ಎಂದೆ.

"ನಂಬರ್ ನಿಮ್ದೇ ಐತಲ್ಲ ಮೇಡಂ" ಅಂದಳು.

ಜೂನ್ 18, ಮಂಗಳವಾರ

ಬಣ್ಣ ತೋರಿಸಲು ಮಲ್ಲಿಕಾರ್ಜುನಪ್ಪನವರ ಶಾಪಿಗೆ ಹೋಗಿದ್ದೆ. ಹೇಗೂ ಹೋಗಿದ್ದೇನಲ್ಲ ಎಂದು ಆ ಹುಡುಗಿಯ ವಿಷಯ ತೆಗೆದೆ. ಅಪ್ರೆಂಟಿಸ್ ಬೇಕು ಬೇಕು ಎಂದು ಸಭೆಯಲ್ಲಿ ಎಲ್ಲರಿಗಿಂತ ಜೋರಾಗಿ ಹೇಳಿದವರು ಅವರೇ.

"ಹುಡುಗೀನಾ? ಅಯ್ಯೋ ಬ್ಯಾಡ ಕಣಮ್ಮ. ಇಲ್ಲಿ ಇರೋವೆಲ್ಲ ಗಂಡುಡುಗ್ರು. ಟಾಯ್ಲೆಟ್ ಬೇರೆ ಇಲ್ಲ. ಹೆಚ್ಚುಕಮ್ಮಿ ಆದ್ರೆ ನನ್ ತಲೆಗ್ ಬತ್ತದೆ."

"ಮತ್ತೆ ಆ ಸಾಲು? ಸಮಾನ ಅವಕಾಶ ಅಂತ?"

"ಅದು ಸ್ಲೋಗನ್ ಕಣಮ್ಮ!" ಎಂದು ನಕ್ಕರು. "ನೀಲಿ ಬದ್ಲು ಕೇಸರಿ ಆದ್ರೆ ಎದ್ದು ಕಾಣ್ತದಲ್ವಾ?"

ಮನೆಗೆ ಬಂದು ಕೇಸರಿ ಹಾಕಿ ನೋಡಿದೆ. ಕಣ್ಣಿಗೆ ಚುಚ್ಚುತ್ತದೆ. ಈಗ ಯಾವ ಬಣ್ಣ ಹಾಕಿದರೂ ಚುಚ್ಚುತ್ತದೆ.

ಜೂನ್ 21, ಶುಕ್ರವಾರ

ಭೂಮಿಕಾ ಹೇಳದೆ ಕೇಳದೆ ಮನೆಗೇ ಬಂದುಬಿಟ್ಟಳು. ಬಸ್ ಸ್ಟ್ಯಾಂಡಿನಲ್ಲಿ ಕೇಳಿಕೊಂಡು ಬಂದಳಂತೆ. ಸಣ್ಣ ಮೈ, ಎಣ್ಣೆ ಹಚ್ಚಿ ಬಿಗಿದ ಜಡೆ, ಪ್ಲಾಸ್ಟಿಕ್ ಕವರಿನಲ್ಲಿ ಸರ್ಟಿಫಿಕೇಟು. ಮಾತು ಕಮ್ಮಿ. ಕೇಳಿದ್ದಕ್ಕೆಲ್ಲ "ಹೂಂ". ಒಳಗೆ ಬಾ ಎಂದರೂ ಬಾಗಿಲ ಹತ್ತಿರದ ಕುರ್ಚಿಯ ತುದಿಯಲ್ಲಿ ಕೂತಳು. ಅತ್ತೆ ಅಡುಗೆಮನೆಯಿಂದ ಇಣುಕಿ ಊರು, ಕೇರಿ ಎಲ್ಲ ವಿಚಾರಿಸಿಕೊಂಡು, ಪೇಪರ್ ಲೋಟದಲ್ಲಿ ಟೀ ತಂದುಕೊಟ್ಟರು. ಸ್ಟೀಲ್ ಲೋಟ ಸಾಲಾಗಿ ಜೋಡಿಸಿರುವಾಗ ಆ ಪೇಪರ್ ಲೋಟ ಎಲ್ಲಿಂದ ಹುಡುಕಿ ತೆಗೆದರೋ.

ಅವಳ ಎದುರಿಗೇ ವರ್ಕ್‌ಶಾಪಿನವರಿಗೆಲ್ಲ ಒಬ್ಬೊಬ್ಬರಿಗೇ ಫೋನ್ ಮಾಡಿದೆ. ಬೀರೂರಿನವರು ಮುಂದಿನ ವರ್ಷ ನೋಡೋಣ ಎಂದರು. ತರೀಕೆರೆಯ ಒಬ್ಬರು, ಹುಡುಗಿಯಾದರೆ ಬಿಲ್ ಬರೆಯಲು ಬರಲಿ, ಮೋಟಾರ್ ಮುಟ್ಟುವುದು ಬೇಡ ಎಂದರು. ಸ್ಪೀಕರ್ ಹಾಕಿದ್ದೆ, ಹಾಕಬಾರದಿತ್ತು. ಅವಳು ಎಲ್ಲವನ್ನೂ ಕೇಳಿಸಿಕೊಂಡು, "ಬಿಲ್ ಬರಿಯಕ್ಕೆ ಎರಡು ವರ್ಷ ಕಲೀಬೇಕಿತ್ತಾ?" ಅಂದಳು. ಇವತ್ತು ಅವಳು ಆಡಿದ ಅತಿ ಉದ್ದದ ಮಾತು.

ಅವಳು ಹೋದ ಮೇಲೆ ಕೆಲಸಕ್ಕೆ ಕೂರಲಾಗಲಿಲ್ಲ. ಒಂದು ದಿನ ಹಾಳು.

ಜೂನ್ 24, ಸೋಮವಾರ

ವರ್ಕ್‌ಶಾಪುಗಳ ಪುಟ ಮಾಡಿದೆ. ಅಂಗಡಿಯ ಹೆಸರು, ಊರು, ಟ್ರೇಡು, ಅಪ್ರೆಂಟಿಸ್ ಜಾಗ ಖಾಲಿ ಇದೆಯೋ ಇಲ್ಲವೋ. ಪಕ್ಕದಲ್ಲಿ ಇನ್ನೊಂದು ಕಾಲಂ ಸೇರಿಸಿದೆ: 'ಹೆಣ್ಣುಮಕ್ಕಳಿಗೆ'. ಸಮಾನ ಅವಕಾಶ ಎಂದು ಮುಖಪುಟದಲ್ಲಿ ಹಾಕಿರುವಾಗ ಒಳಗೆ ಎಲ್ಲಿ ಎಂದು ಹೇಳಬೇಕಲ್ಲ. ಓದುವವರಿಗೆ ಅನುಕೂಲವಾಗಲಿ ಎಂದು, ಬೇರೇನೂ ಇಲ್ಲ. ವಿನ್ಯಾಸ ಎಂದರೆ ಅದೇ ತಾನೇ.

ಎಲ್ಲರೂ ಫೋನಿನಲ್ಲಿ ಹೇಳಿದ್ದನ್ನೇ ತುಂಬಿದೆ. ಮೇಲಿಂದ ಕೆಳಗಿನವರೆಗೆ ಇಲ್ಲ, ಇಲ್ಲ, ಇಲ್ಲ. ನೋಡಲು ಅಚ್ಚುಕಟ್ಟಾಗಿದೆ.

ಜೂನ್ 27, ಗುರುವಾರ

ಸಭೆಯಲ್ಲಿ ಆ ಪುಟ ತೆರೆದಿದ್ದೇ ತಡ, ಮಲ್ಲಿಕಾರ್ಜುನಪ್ಪ ಕುರ್ಚಿ ಹಿಂದಕ್ಕೆ ತಳ್ಳಿ ಎದ್ದರು.

"ಯಾರ್ ಹೇಳಿದ್ದು ನಿಂಗೆ ಇದ್ನೆಲ್ಲ ಹಾಕು ಅಂತ? ತೆಗಿ ಅದನ್ನ!"

"ನೀವ್ ಹೇಳಿದ್ದೇ ಸಾರ್ ಹಾಕಿರೋದು. ತಪ್ಪಿದ್ರೆ ಹೇಳಿ, ಇದೆ ಅಂತ ಮಾಡ್ತೀನಿ."

ವಿಶ್ವಾರಾಧ್ಯ ಅವರು, 'ಇಲ್ಲ' ಎನ್ನುವುದು ಒರಟಾಗುತ್ತದೆ, 'ಪರಿಶೀಲನೆಯಲ್ಲಿದೆ' ಎಂದರೆ ಹೇಗೆ ಎಂದರು. ಹಾಗೆಂದರೆ ಓದಿದ ಹುಡುಗಿ ಯಾವ ಬಸ್ ಹತ್ತಬೇಕು ಎಂದು ಕೇಳಿದೆ. ನನ್ನ ದನಿ ನನಗೇ ಜೋರು ಅನ್ನಿಸಿತು.

ಈರಭದ್ರಪ್ಪ ಅಷ್ಟು ಹೊತ್ತೂ ಪರದೆಯನ್ನೇ ನೋಡುತ್ತಿದ್ದರು. ಕಡೂರಿನ ಸಾಲಿನಲ್ಲಿ ಇಲ್ಲ, ತರೀಕೆರೆಯ ಸಾಲಿನಲ್ಲಿ ಇಲ್ಲ. ಮೀಸೆಯ ಮೇಲೆ ಬೆರಳಾಡಿಸಿಕೊಂಡು, "ನಮ್ದು ಇದೆ ಅಂತ ಹಾಕ್ರಮ್ಮ" ಎಂದರು.

"ಏನ್ರೀ ಈರಭದ್ರಪ್ಪ, ಯಾವಾಗಿಂದ?" ಮಲ್ಲಿಕಾರ್ಜುನಪ್ಪ ಗದರಿದರು.

"ಈಗಿಂದ. ಅಜ್ಜಂಪುರ ಅಂದ್ರೆ ಏನಂದ್ಕೊಂಡಿದ್ದೀರಿ? ನಮ್ಮನೆ ಅಂಗಡಿ ಹಿಂದೇ ಐತೆ, ಬಚ್ಚಲಮನೆ ಉಪಯೋಗಿಸ್ಲಿ. ಆ ಹುಡುಗೀನ ಕಳ್ಸಿ."

ಕಡೂರಿಗೆ ಒಂದು ಗುದ್ದು ಕೊಡುವುದಕ್ಕೇ ಹೇಳಿದ್ದು ಎಂದು ಎಲ್ಲರಿಗೂ ಗೊತ್ತು. ಯಾತಕ್ಕಾದರೂ ಹೇಳಲಿ. ಅಲ್ಲೇ ಕೂತು ಟೈಪ್ ಮಾಡಿದೆ: ಇದೆ.

ಜೂನ್ 29, ಶನಿವಾರ

ಈರಭದ್ರಪ್ಪನವರ ಫೋನು. ಸೋಮವಾರದಿಂದ ಬರಲಿ ಎಂದು ಹೇಳಿ, ಸ್ವಲ್ಪ ತಡೆದು, "ಅಲ್ಲಾ ಕಣಮ್ಮ, ಹುಡುಗಿ ಯಾರ ಪೈಕಿ?" ಅಂದರು.

"ಎಲೆಕ್ಟ್ರಿಷಿಯನ್ ಪೈಕಿ" ಎಂದು ಫೋನಿಟ್ಟೆ.

ಇಟ್ಟವಳೇ, ಸೋಮವಾರ ಬೆಳಿಗ್ಗೆಯೇ ಹೋಗು ಎಂದು ಭೂಮಿಕಾಳಿಗೆ ಮೆಸೇಜ್ ಮಾಡಿದೆ.

ಜುಲೈ 4, ಗುರುವಾರ

ಭೂಮಿಕಾ ಸೇರಿದ್ದಾಳೆ. ಅಪ್ರೆಂಟಿಸ್ ನೋಂದಣಿಯೂ ಆಯಿತು. ಅಜ್ಜಂಪುರದಲ್ಲಿ ದೊಡ್ಡಮ್ಮನ ಮನೆಯಿದೆಯಂತೆ, ಅಲ್ಲೇ ಇದ್ದುಕೊಂಡು ಹೋಗಿಬರುತ್ತಾಳೆ. ಹೇಗಿದೆ ಎಂದು ಮೆಸೇಜ್ ಮಾಡಿದರೆ "ಹೂಂ". ಊಟ ಆಯ್ತಾ ಎಂದರೆ "ಹೂಂ". ಈ ಹುಡುಗಿಗೆ ಕನ್ನಡದಲ್ಲಿ ಬೇರೆ ಅಕ್ಷರವೇ ಗೊತ್ತಿಲ್ಲ.

ಅಂತೂ ಈ ತಲೆನೋವು ಮುಗಿಯಿತು. ಇನ್ನು ನನ್ನ ಕೆಲಸ ನಾನು ನೋಡಿಕೊಳ್ಳಬಹುದು.

ಜುಲೈ 15, ಸೋಮವಾರ

ಇವತ್ತು ವಿಶ್ವ ಯುವ ಕೌಶಲ್ಯ ದಿನ. ಇವತ್ತೇ ಉದ್ಘಾಟನೆ ಆಗಬೇಕಿತ್ತು. ಬರಬೇಕಾದ ಗಣ್ಯರಿಗೆ ಬೇರೆ ಎಲ್ಲೋ ಕಾರ್ಯಕ್ರಮವಂತೆ, ಆಗಸ್ಟ್‌ಗೆ ಮುಂದಕ್ಕೆ ಹೋಯಿತು. ಸ್ವಾಗತ ಭಾಷಣ ಬರೆದಿಟ್ಟುಕೊಂಡಿದ್ದ ವಿಶ್ವಾರಾಧ್ಯ ಅವರು ಅದನ್ನೂ ಸೈಟಿಗೆ ಹಾಕಿ ಎಂದು ಕಳಿಸಿದ್ದಾರೆ. ಅದರಲ್ಲಿ ಅಪ್ರೆಂಟಿಸ್‌ಗೆ ಪದ ಸಿಕ್ಕಿದೆ, 'ಕಲಿಕಾಳು'. ಕೇಳಿದರೆ ಕೂಲಿಯಾಳು ಎಂದ ಹಾಗಿದೆ. ಅವರಿಗೆ ಹೇಳದೆ ಎಲ್ಲ ಕಡೆ 'ಅಪ್ರೆಂಟಿಸ್' ಎಂದೇ ಹಾಕಿದೆ. ತಿರುಗಣಿಗನನ್ನೂ ತೆಗೆದು ಟರ್ನರ್ ಮಾಡಿದೆ. ಬೈದರೆ ಬೈಯಲಿ.

ಈರಭದ್ರಪ್ಪ ಮಾತ್ರ 'ಇದೆ' ಎಂದಿರುವ ಸಾಲಿನ ಚಿತ್ರವನ್ನು ವಾಟ್ಸಾಪ್ ಸ್ಟೇಟಸ್ ಮಾಡಿಕೊಂಡಿದ್ದಾರೆ. ಸುತ್ತ ಹೂವಿನ ಚೌಕಟ್ಟು.

ಜುಲೈ 24, ಬುಧವಾರ

ನಾನು ಬಟ್ಟೆ ಒಣಗಿಹಾಕಲು ಮೇಲೆ ಹೋಗಿದ್ದಾಗ ಫೋನು ಬಂದಿದೆ. ಅತ್ತೆ ತೆಗೆದು ಮಾತಾಡಿದ್ದಾರೆ. ಭೂಮಿಕಾಳ ತಾಯಿ ಮಾರಮ್ಮ. ಕೆಳಗೆ ಇಳಿದು ಬಂದರೆ ಅತ್ತೆ ಫೋನು ಹಿಡಿದುಕೊಂಡೇ ನಿಂತಿದ್ದರು.

"ಆ ಹುಡ್ಗಿಗೆ ಚಳಿಜ್ವರ ಅಂತೆ ಕಣೇ. ಉಚ್ಚೆ ಉರಿ. ಡಾಕ್ಟ್ರು ನೀರ್ ಕುಡೀದೆ ಹಿಂಗಾಗೈತೆ ಅಂದ್ರಂತೆ."

"ಯಾಕೆ ಕುಡಿಯಲ್ಲ?"

"ಕುಡುದ್ರೆ ಹೋಗ್ಬೇಕಲ್ಲ. ಎಲ್ಲಿಗ್ ಹೋಗ್ತಾಳೆ? ಮೊದಲ್ನೇ ವಾರ ಬಚ್ಚಲು ಬಿಟ್ರಂತೆ. ಆಮೇಲೆ ಯಾವ್ ಕೇರಿಯೋಳು ಅಂತ ಗೊತ್ತಾಗಿ, ಆ ಮನೆಯಮ್ಮ ಬೀಗ ಹಾಕ್ಕಂಡ್ಳಂತೆ."

ಅತ್ತೆ ಫೋನನ್ನು ನನ್ನ ಕೈಗಿಟ್ಟು, "ನಾವೂ ಹೊಲಕ್ ಹೋದ್ರೆ ಕತ್ಲಾಗೋವರ್ಗೂ ತಡ್ಕಂತಿದ್ವಿ" ಎಂದು ಒಳಗೆ ಹೋದರು.

ನಾನೇ ಟೈಪ್ ಮಾಡಿದ್ದು. ಎರಡೇ ಅಕ್ಷರ.

ಜುಲೈ 26, ಶುಕ್ರವಾರ

ರೈಲಿಗೆ ಅಜ್ಜಂಪುರಕ್ಕೆ ಹೋಗಿಬಂದೆ. ನಡೆದದ್ದನ್ನು ನಡೆದ ಹಾಗೆ ಬರೆದುಬಿಡುತ್ತೇನೆ. ಮಾಡಿದ್ದು ಸರಿಯೋ ತಪ್ಪೋ ಆಮೇಲೆ ನೋಡಿಕೊಂಡರಾಯಿತು.

ಜ್ವರ ಬಿಟ್ಟ ಮಾರನೇ ದಿನವೇ ಭೂಮಿಕಾ ಕೆಲಸಕ್ಕೆ ಬಂದಿದ್ದಳು. ಅಂಗಡಿಯ ಮೂಲೆಯಲ್ಲಿ ಒಂದು ಮೋಟಾರಿನ ಸುಟ್ಟುಹೋದ ತಂತಿಯ ಕಾಯಿಲು ಕತ್ತರಿಸಿ ತೆಗೆಯುತ್ತಿದ್ದಳು. ನನ್ನನ್ನು ಕಂಡು ಖುಷಿಪಡುತ್ತಾಳೆ ಎಂದುಕೊಂಡಿದ್ದೆ. ಮುಖ ಗಂಟಾಯಿತು. ಹೊರಗೆ ಕರೆದುಕೊಂಡು ಬಂದು ಮೆಲ್ಲಗೆ ಕೇಳಿದಳು.

"ಯಾಕ್ ಬಂದ್ರಿ ಮೇಡಂ? ಅವ್ವಂಗೆ ಹೇಳ್ಬ್ಯಾಡ ಅಂದಿದ್ದೆ. ನೀವ್ ಏನಾರ ಅಂದ್ರೆ ನನ್ ಜಾಗ ಹೋಯ್ತದೆ."

ಬರುವಾಗ ರೈಲಿನಲ್ಲಿ ಏನೇನು ಬೈಯಬೇಕೆಂದು ಜೋಡಿಸಿಕೊಂಡು ಬಂದಿದ್ದೆನೋ ಅದನ್ನೆಲ್ಲ ಬದಿಗಿಟ್ಟೆ. ಜಾಗ ನನ್ನದಲ್ಲ, ಅವಳದ್ದು.

"ಹಂಗಾದ್ರೆ ನಾನು ಸುಮ್ನೆ ವಾಪಸ್ ಹೋಗ್ಲಾ? ನೀನ್ ಹೇಳು. ನೀನ್ ಹೇಳ್ದಂಗೆ ಮಾಡ್ತೀನಿ."

ಕೈಯಲ್ಲಿದ್ದ ತಾಮ್ರದ ತಂತಿಯನ್ನು ಬೆರಳಿಗೆ ಸುತ್ತಿಕೊಂಡಳು, ಬಿಚ್ಚಿದಳು.

"ಜಾಗಾನೂ ಬೇಕು. ಬಾತ್‌ರೂಮೂ ಬೇಕು. ಎರಡೂ ಕೇಳಿ" ಎಂದು ಒಳಗೆ ಹೋದಳು.

ಈರಭದ್ರಪ್ಪ ಟೀ ತರಿಸಿದರು. ಸುತ್ತಿ ಬಳಸದೆ ಕೇಳಿದೆ. ಅವರು ನೆಲ ನೋಡಿದರು. ಅವರ ಮನೆಯ ಹಿತ್ತಲ ಬಾಗಿಲು ಅಲ್ಲಿಂದಲೇ ಕಾಣುತ್ತಿತ್ತು. ಹೊಸ ಬೀಗ.

"ನಂಗೇನಿಲ್ಲ ಕಣಮ್ಮ. ಹುಡುಗಿ ಕೆಲ್ಸ ಚೆನ್ನಾಗೇ ಕಲೀತಾವ್ಳೆ. ಮನೇವ್ಳು ಒಪ್ಪಲ್ಲ, ದೇವ್ರು ದಿಂಡ್ರು ಅಂತಾಳೆ. ನಾನೇನ್ ಮಾಡ್ಲಿ? ಗಂಡಸ್ರು ಹಿಂದ್ಗಡೆ ಬೇಲಿ ಪಕ್ಕ ಹೋಗ್ತಾರೆ..."

"ಅವ್ಳೂ ಬೇಲಿ ಪಕ್ಕ ಹೋಗ್ಲಾ?"

ಅವರು ಟೀ ಲೋಟವನ್ನು ನನ್ನ ಕಡೆ ಸರಿಸಿದರು. ಮೊಬೈಲ್ ತೆಗೆದೆ. ಅವರ ಎದುರಿಗೇ ಆ ಪುಟ ತೆರೆದು, 'ಇದೆ' ಅಳಿಸಿ, 'ಇಲ್ಲ' ಎಂದು ಹಾಕಿ ತೋರಿಸಿದೆ.

ಮುಖ ಕೆಂಪಾಯಿತು. "ಏನಮ್ಮಾ ಇದು? ವೆಬ್‌ಸೈಟ್ ಮಾಡೋಳಿಗೆ ನಮ್ಮನೆ ಬಚ್ಚಲ ಉಸಾಬರಿ ಯಾಕೆ?"

"ಬಚ್ಚಲು ನಿಮ್ದು ಸಾರ್. ಇದೆ ಅಂತ ಟೈಪ್ ಮಾಡಿದ್ದು ನಾನು. ಅದನ್ ನೋಡಿ ಇನ್ನೊಂದು ಹುಡುಗಿ ಬಂದ್ರೆ ಅವ್ಳಿಗೂ ಹಿಂಗೇ ಜ್ವರ ಬರ್ಬೇಕಾ? ನಿಮ್ಮನೆ ಬೀಗ ತೆಗೀರಿ ಅಂತ ನಾನ್ ಕೇಳಲ್ಲ. ಅಂಗಡಿಗೆ ಅಂತ ಒಂದು ಕಟ್ಸಿ. ಕಟ್ಸಿದ್ ದಿನ ಇದೆ ಅಂತ ಹಾಕ್ತೀನಿ. ಹುಡುಗೀನ ಬಿಡಿಸಿದ್ರೆ ಮಾತ್ರ, ನಿಮ್ಮಲ್ಲಿ ಅಪ್ರೆಂಟಿಸ್ ಜಾಗಾನೇ ಇಲ್ಲ ಅಂತ ಹಾಕ್ತೀನಿ."

ಟೀ ಕುಡಿಯದೆ ಎದ್ದು ಬಂದೆ. ಸ್ಟೇಷನ್ನಿನ ಬೆಂಚಿನ ಮೇಲೆ ಕೂತು, ಆಡಿದ್ದನ್ನೆಲ್ಲ ಮತ್ತೆ ಲೆಕ್ಕ ಹಾಕಿದೆ. ಅವಳ ಜಾಗ ಕಳೆದುಬಿಟ್ಟೆನೇನೋ. 'ಬೀಗ ತೆಗೀರಿ ಅಂತ ಕೇಳಲ್ಲ' ಎಂದು ಯಾಕೆ ಹೇಳಿದೆನೋ. ಅದನ್ನೂ ಕೇಳಬೇಕಿತ್ತು.

ಜುಲೈ 27, ಶನಿವಾರ

ಬೆಳಿಗ್ಗೆಯೇ ಮಲ್ಲಿಕಾರ್ಜುನಪ್ಪನವರ ಫೋನು. ಹಬ್ಬದ ಉತ್ಸಾಹ.

"ಅಜ್ಜಂಪುರ ಇಲ್ಲ ಆಯ್ತಂತೆ? ಹೆಂಗಿತ್ತು ನೋಡು ಜಂಬ! ಸ್ಕ್ರೀನ್‌ಶಾಟ್ ಗ್ರೂಪಿಗೆ ಹಾಕ್ದೆ."

"ನಿಮ್ದೂ ಇಲ್ಲ ಅಂತಲೇ ಸಾರ್ ಇರೋದು."

"ನಮ್ದು ಮೊದ್ಲಿಂದಾನೂ ಇಲ್ಲ ಕಣಮ್ಮ. ಮಾತ್ ಕೊಟ್ಟು ತಪ್ಪಿಲ್ಲ."

ವಿಶ್ವಾರಾಧ್ಯ ಅವರು ಬೇರೆ, ಇಂಥ ಸೂಕ್ಷ್ಮ ವಿಚಾರಗಳನ್ನು ಸಮಿತಿಯ ಗಮನಕ್ಕೆ ತರದೆ ಬದಲಿಸಬಾರದು ಎಂದು ಉದ್ದ ಸಂದೇಶ ಕಳಿಸಿದ್ದಾರೆ. ಭೂಮಿಕಾಳ ಫೋನು ಸ್ವಿಚ್ ಆಫ್.

ಜುಲೈ 30, ಮಂಗಳವಾರ

ಇನ್ನೂ ಸ್ವಿಚ್ ಆಫ್. ಮುಖಪುಟದ ಬಣ್ಣ ಮತ್ತೆ ಮತ್ತೆ ಬದಲಾಯಿಸಿದೆ. ಊಟಕ್ಕೆ ಕೂತಾಗ ಅತ್ತೆ, "ಆ ಹುಡ್ಗಿ ಏನಾದ್ಳೇ?" ಎಂದರು. ಗೊತ್ತಿಲ್ಲ ಎಂದು ರೇಗಿದೆ. ಕಲ್ಲೇಶ್ ತಟ್ಟೆಯಿಂದ ಮುಖ ಎತ್ತಲಿಲ್ಲ.

ಆಗಸ್ಟ್ 2, ಶುಕ್ರವಾರ

ಈರಭದ್ರಪ್ಪನವರ ನಂಬರಿನಿಂದ ಒಂದು ಫೋಟೋ. ಅಂಗಡಿಯ ಹಿಂದೆ, ಬೇಲಿಯ ಪಕ್ಕ, ಸೊಂಟದೆತ್ತರ ಎದ್ದ ಸಿಮೆಂಟ್ ಇಟ್ಟಿಗೆ ಗೋಡೆ. ಒಂದಕ್ಷರ ಬರೆದಿಲ್ಲ.

ಸ್ವಲ್ಪ ಹೊತ್ತಿನ ಮೇಲೆ ಇನ್ನೊಂದು ಸಂದೇಶ: "ಕಡೂರಿನವರಿಗೂ ತೋರಿಸಿ."

ಆಗಸ್ಟ್ 9, ಶುಕ್ರವಾರ

ನಾಗರಪಂಚಮಿ. ಅತ್ತೆ ತಂಬಿಟ್ಟು ಮಾಡಿದ್ದರು. ಮಧ್ಯಾಹ್ನ ಭೂಮಿಕಾಳ ಫೋನು. ಈ ಸಲ ಮಿಸ್ಡ್ ಕಾಲ್ ಅಲ್ಲ, ಪೂರ್ತಿ ರಿಂಗ್.

"ಅಕ್ಕ, ಫೋನ್ ನೀರಿಗ್ ಬಿದ್ದಿತ್ತು. ಈಗ ಸರಿಯಾಯ್ತು."

ಇಷ್ಟು ದಿನ ನಾನು ಏನೇನು ಕಲ್ಪಿಸಿಕೊಂಡಿದ್ದೆ. ನೀರಿಗೆ ಬಿದ್ದಿತ್ತಂತೆ! ಚೆನ್ನಾಗಿ ಬೈದೆ. "ಹೂಂ" ಎಂದು ಕೇಳಿಸಿಕೊಂಡಳು. ಆಮೇಲೆ ಅವಳಾಗಿಯೇ ಮಾತಾಡತೊಡಗಿದಳು. ಗೋಡೆ ಮುಗಿದು ಶೀಟ್ ಹಾಕಿದ್ದಾರೆ. ನೀರಿನ ಪೈಪು ಬಂತು. ವೈರಿಂಗ್ ಪೂರ್ತಿ ಅವಳದ್ದೇ.

"ಎಕ್ಸಾಸ್ಟ್ ಫ್ಯಾನಿಗೂ ಒಂದು ಪಾಯಿಂಟ್ ಬಿಟ್ಟಿದೀನಿ ಅಕ್ಕ. ಯಜಮಾನ್ರು ಯಾಕೆ ಅಂದ್ರು. ಬೇಕಾಯ್ತದೆ ಅಂದೆ."

"ಮನೆ ಬಾಗ್ಲು?" ಎಂದು ಕೇಳಿದೆ.

"ಬೀಗ ಹಂಗೇ ಐತೆ. ಆಯಮ್ಮ ನನ್ ಮುಖ ನೋಡಲ್ಲ." ಸ್ವಲ್ಪ ತಡೆದು ಹೇಳಿದಳು: "ಇರ್ಲಿ ಬಿಡಿ. ನಮ್ದಕ್ಕೆ ಒಳಗಿಂದ ಚಿಲಕ ಐತೆ."

ಇರಲಿ ಬಿಡಿ ಎಂದು ಅವಳು ಅಂದಳು. ನನಗೆ ಬಿಡಲಾಗುತ್ತಿಲ್ಲ. ಫೋಟೋ ಕಳಿಸು ಎಂದೆ. ಕಳಿಸಿದಳು. ಆದರೂ ನಾಳೆ ಹೋಗಿ ನೋಡಿಕೊಂಡು ಬಂದ ಮೇಲೆಯೇ ಅಕ್ಷರ ಬದಲಿಸುವುದು.

ಆಗಸ್ಟ್ 17, ಶನಿವಾರ

ಉದ್ಘಾಟನೆ ಆಯಿತು, ಅಥವಾ ಆದ ಹಾಗೆ ಆಯಿತು. ಗಣ್ಯರು ಗುಂಡಿ ಒತ್ತಿದರು. ಸರಿಯುವ ಚಿತ್ರ ಅರ್ಧಕ್ಕೆ ನಿಂತು, ಮಲ್ಲಿಕಾರ್ಜುನಪ್ಪನವರ ಶಾಲು ಮಾತ್ರ ಕಂಡಿತು, ಮುಖ ಬರಲಿಲ್ಲ. ಅಷ್ಟಕ್ಕೇ ಚಪ್ಪಾಳೆ. ಭೂಮಿಕಾಳನ್ನು ವೇದಿಕೆಗೆ ಕರೆದು ಹೂವು ಕೊಡಬೇಕೆಂದು ಸಮಿತಿಯವರ ಆಸೆಯಿತ್ತು. ಕೇಳಿದ್ದಕ್ಕೆ, "ಬಿತ್ತನೆ ಟೈಮು ಅಕ್ಕ, ಮೋಟಾರ್ ಸಾಲಾಗ್ ಬಂದವೆ, ಆಗಲ್ಲ" ಅಂದಿದ್ದಳು. ಅದನ್ನೇ ಹೇಳಿದೆ. ಅಧ್ಯಕ್ಷರಿಗೆ ಬೇಜಾರಾಯಿತು.

ಮಹಿಳಾ ಸಬಲೀಕರಣದ ಬಗ್ಗೆ ಅವರು ಬಹಳ ಹೊತ್ತು ಮಾತಾಡಿದರು. ಅಜ್ಜಂಪುರದ ಸಾಲನ್ನು ನಾನು ಹೋದ ವಾರವೇ ಹೋಗಿ ನೋಡಿ ಬಂದು 'ಇದೆ' ಮಾಡಿದ್ದೇನೆ, ಅವರ ಅಂಗಡಿಯ ಸಾಲಿನಲ್ಲಿ ಇವತ್ತಿಗೂ 'ಇಲ್ಲ' ಎಂದೇ ಇದೆ. ಕೆಳಗಿಳಿದು ಬಂದಾಗ ಅದನ್ನು ನೆನಪಿಸಿದೆ. ಮುಂದಿನ ತಿಂಗಳು ಮೇಸ್ತ್ರಿ ಕರೆಸುತ್ತಾರಂತೆ. ಮುಂದಿನ ತಿಂಗಳು ಮತ್ತೆ ಕೇಳುತ್ತೇನೆ.

ಆಗಸ್ಟ್ 22, ಗುರುವಾರ

ಸಂಪರ್ಕಕ್ಕೆ ಯಾರ ನಂಬರ್ ಎಂದು ಸಮಿತಿ ಕೊನೆಗೂ ತೀರ್ಮಾನಿಸಿದೆ. ವಿಶ್ವಾರಾಧ್ಯ ಅವರದ್ದಂತೆ. ಅವರು ಮಧ್ಯಾಹ್ನ ಮಲಗುತ್ತಾರೆ, ಸಂಜೆ ವಾಕಿಂಗಿಗೆ ಫೋನು ಒಯ್ಯುವುದಿಲ್ಲ. ಇನ್ನೂ ಬದಲಿಸಿಲ್ಲ, ಬಿಡುವಾಗಿಲ್ಲ. ಕಲ್ಲೇಶ್, "ನೀನ್ ಡಿಸೈನರ್ರೋ ಎಂಪ್ಲಾಯ್‌ಮೆಂಟ್ ಎಕ್ಸ್‌ಚೇಂಜೋ?" ಎಂದು ಕೇಳಿದರು. ಕೆಲಸಗಳು ರಾಶಿ ಬಿದ್ದಿರುವಾಗ ಇಂಥ ತಮಾಷೆ ಬೇರೆ.

ತರೀಕೆರೆಯ ವೆಲ್ಡಿಂಗ್ ಶಾಪಿನವರೊಬ್ಬರು, ನಮ್ಮದೂ ಇದೆ ಎಂದು ಹಾಕಿ, ಎಲ್ಲ ವ್ಯವಸ್ಥೆ ಇದೆ ಎಂದು ಹೇಳಿಕಳಿಸಿದ್ದಾರೆ. ಬೇಗ ಟೈಪ್ ಮಾಡಮ್ಮ, ತರೀಕೆರೆಗೂ ಒಂದು ಇರಲಿ ಎಂದು ವಿಶ್ವಾರಾಧ್ಯ ಅವರು ಬೆಳಗಿನಿಂದ ಬೆನ್ನು ಹತ್ತಿದ್ದಾರೆ. ಗುಂಪಿನಲ್ಲೂ ಆಗಲೇ ಹಂಚಿ ಆಗಿದೆ.

ಅದನ್ನು ನೋಡಿಯೇ ಇರಬೇಕು, ಸಂಜೆ ಯಗಟಿಯಿಂದ ಒಬ್ಬ ಹೆಂಗಸಿನ ಫೋನು. ಮಗಳು ವೆಲ್ಡರ್ ಟ್ರೇಡ್ ಮುಗಿಸಿದ್ದಾಳಂತೆ. ಹಿಂದೆ ಕುರಿಗಳ ಸದ್ದು, ಆಕೆ ಕೂಗಿ ಕೂಗಿ ಮಾತಾಡುತ್ತಿದ್ದರು.

"ತರೀಕೆರೇಲಿ ಹೆಣ್ಮಕ್ಳುನ್ನ ತಗಂತಾರೆ ಅಂತಾವ್ರೆ. ನಿಜಾನೇನವ್ವಾ? ಮಗಳ್ನ ನಂಬಿ ಕಳುಸ್ಬೌದಾ?"

"ಗೊತ್ತಿಲ್ಲಮ್ಮ. ಅವ್ರು ಹೇಳಿದಾರೆ, ನಾನಿನ್ನೂ ನೋಡಿಲ್ಲ. ನಾಳೆ ಹೋಗಿ ನೋಡ್ಕೊಂಡ್ ಬಂದು ಹೇಳ್ತೀನಿ."

"ಯಾವಾಗ್ ಫೋನ್ ಮಾಡ್ಲಿ?"

"ನೀವ್ ಮಾಡ್ಬೇಡಿ. ನಾನೇ ಮಾಡ್ತೀನಿ" ಎಂದು ಇಟ್ಟೆ.